ನೂರರ ನೋಟಿನ ಮನುಷ್ಯ

ನಾನು ಕಾಮರ್ಸ್ ವಿದ್ಯಾರ್ಥಿ. ಸಂಗೀತದ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಸಲದ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನಚರಿತ್ರೆ ಬೇಕು, ಆದರೆ ವಿವೇಕಾನಂದರು ಬೇಡ, ಅವರು ಪ್ರತಿ ವರ್ಷವೂ ಬರುತ್ತಾರೆ ಎಂದು ನಮ್ಮ ಸಂಘದ ಕಾರ್ಯದರ್ಶಿ ಗಂಟುಬಿದ್ದಾಗ ನನ್ನ ತಲೆಗೆ ಬಂದದ್ದು ಮಹನೀಯರಲ್ಲ, ಒಂದು ನೋಟು.

ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ಗೋವೆಯ ಕಡೆಯ ಒಬ್ಬ ಮುದುಕರಿದ್ದಾರೆ. ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಭಾನುವಾರ ಇಗರ್ಜಿಯಲ್ಲಿ ಪಿಟೀಲು ಬಾರಿಸುತ್ತಾರೆ. ಬಿಲ್ಡಿಂಗಿನ ಹುಡುಗರೆಲ್ಲ ಅವರನ್ನು ಅಂಕಲ್ ಅನ್ನುತ್ತೇವೆ. ಅವರ ಮೊಮ್ಮಗನಿಗೆ ನಾನು ಬುಕ್‌ಕೀಪಿಂಗ್ ಹೇಳಿಕೊಡುತ್ತೇನೆ. ಪಾಠ ಮುಗಿದ ಮೇಲೆ ಅಂಕಲ್ ತಾವು ಬಂದರು ಬಂದರಿನಲ್ಲಿ ಕೂಡಿಸಿದ ನೋಟುಗಳ ಆಲ್ಬಮ್ ತೆಗೆಯುತ್ತಾರೆ. ಒಂದು ದಿನ ಅದರಲ್ಲಿ ಸ್ಪೇನ್ ದೇಶದ 100 ಪೆಸೆಟಾದ ಒಂದು ಹಳೇ ನೋಟು ಕಂಡಿತು. 1970ರ ತಾರೀಕಿನದು. ಅದರ ಮೇಲೆ ಒಬ್ಬ ಬೋಳುತಲೆಯ ಮನುಷ್ಯ. ಬತ್ತಿದ ಕೆನ್ನೆ, ಉಪವಾಸ ಮಾಡಿದವನಂಥ ಮುಖ. ಇವನು ಆ ದೇಶದ ಹಣಕಾಸು ಮಂತ್ರಿಯೋ, ಬ್ಯಾಂಕಿನ ಗವರ್ನರೋ ಇರಬೇಕು ಅಂದೆ. ನನ್ನ ಬುದ್ಧಿ ಅಲ್ಲಿಗೇ ಹೋಗುವುದು! ಅಂಕಲ್ ನಕ್ಕುಬಿಟ್ಟರು. ಅವನು ಸಂಗೀತಗಾರ ಅಂತೆ. ಪೆಸೆಟಾ ಈಗಿಲ್ಲ, 2002ರಲ್ಲಿ ಯೂರೋ ನಾಣ್ಯ ಬಂದು ಅದನ್ನು ನುಂಗಿತು. ನೋಟಿನ ಬೆಲೆ ಹೋಯಿತು, ಮನುಷ್ಯನ ಬೆಲೆ ಹೋಗಲಿಲ್ಲ ಎಂದು ಹೇಳಿ ಒಂದು ರೆಕಾರ್ಡು ಹಾಕಿದರು.

ನಿಜ ಹೇಳಬೇಕೆಂದರೆ ಮೊದಲ ಸಲ ಅದು ನನಗೆ ಹಿಡಿಸಲಿಲ್ಲ. ಕಿಲಕಿಲ, ಟಣಟಣ. ಯಾರೋ ಸಿಟ್ಟಿನಲ್ಲಿ ಬೀಗದಕೈ ಗೊಂಚಲು ಕುಲುಕಿದ ಹಾಗೆ. ಹದಿನಾಲ್ಕು ನಿಮಿಷಕ್ಕೆ ಮುಗಿದೇಹೋಯಿತು. ಇಷ್ಟೇನಾ ಅಂದೆ. ಇಷ್ಟಕ್ಕೇ ಅವನು ಮೂರು ವರ್ಷ ತೆಗೆದುಕೊಂಡ ಎಂದರು ಅಂಕಲ್. ಹದಿನಾಲ್ಕು ನಿಮಿಷಕ್ಕೆ ಮೂರು ವರ್ಷ! ಕಾಸ್ಟಿಂಗ್ ಪೇಪರಿಗೆ ಓದುತ್ತಿದ್ದ ನನ್ನ ತಲೆಯಲ್ಲಿ ಲೆಕ್ಕ ಶುರುವಾಯಿತು. ಆ ಲೆಕ್ಕ ಕೂಡಿಸಲು ಹೋಗಿಯೇ ನಾನು ಈ ಮನುಷ್ಯನ ಹಿಂದೆ ಬಿದ್ದದ್ದು.

ಹೆಸರು ಮಾನ್ವೆಲ್ ದೆ ಫಾಯಾ. ಇಂಗ್ಲಿಷಿನಲ್ಲಿ ಬರೆದದ್ದನ್ನು ನಮ್ಮ ಹಾಗೆ ಓದಿದರೆ ಫಲ್ಲಾ ಆಗುತ್ತದೆ, ಆದರೆ ಸ್ಪ್ಯಾನಿಷರು ಅದನ್ನು ಫಾಯಾ ಎನ್ನುತ್ತಾರೆ. ಅಜ್ಜನಿಗಿಂತ ಹಿರಿಯನಾದರೂ ಏಕವಚನದಲ್ಲೇ ಬರೆಯುತ್ತೇನೆ, ಓದುಗರು ಕ್ಷಮಿಸಬೇಕು. ಹತ್ತಿರದವನಾಗಿಬಿಟ್ಟಿದ್ದಾನೆ.

ಅವನು ಹುಟ್ಟಿದ್ದು 1876ರ ನವೆಂಬರ್ 23ರಂದು, ಸ್ಪೇನಿನ ದಕ್ಷಿಣ ತುದಿಯ ಕಾದಿಸ್ ಎಂಬ ಬಂದರಿನಲ್ಲಿ. ಮೂರು ಕಡೆ ಅಟ್ಲಾಂಟಿಕ್ ಸಮುದ್ರ. ತಂದೆ ವ್ಯಾಪಾರಿ. ತಾಯಿ ಪಿಯಾನೋ ಬಲ್ಲವಳು, ಮಗನ ಮೊದಲ ಗುರು ಅವಳೇ. ದಾದಿಯೊಬ್ಬಳು ಆಂಡಲೂಸಿಯದ ಜೋಗುಳ, ಕಥೆಗಳನ್ನು ಕಿವಿಗೆ ತುಂಬುತ್ತಿದ್ದಳು. ಹುಡುಗನಿಗೆ ಎರಡು ಹುಚ್ಚು. ಒಂದು, ತನ್ನ ಕೋಣೆಯಲ್ಲಿ ಗುಟ್ಟಾಗಿ ಒಂದು ಊರನ್ನೇ ಕಲ್ಪಿಸಿಕೊಂಡು ಅದಕ್ಕೆ ಕೊಲೋನ್ ಎಂದು ಹೆಸರಿಟ್ಟಿದ್ದ. ಕೊಲೋನ್ ಅಂದರೆ ಸ್ಪ್ಯಾನಿಷಿನಲ್ಲಿ ಕೊಲಂಬಸ್. ಈ ಹೆಸರನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬರುತ್ತದೆ. ಇನ್ನೊಂದು, ಕೈಬರಹದ ಪತ್ರಿಕೆ! ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ‘ಎಲ್ ಬುರ್ಲೋನ್’, ಆಮೇಲೆ ‘ಎಲ್ ಕಾಸ್ಕಾಬೆಲ್’ ಎಂಬ ಎರಡು ಪತ್ರಿಕೆ ನಡೆಸಿದ. ಮೊದಲನೆಯದಕ್ಕೆ ಗೇಲಿಗಾರ, ಎರಡನೆಯದಕ್ಕೆ ಗೆಜ್ಜೆ ಅಂತ ಅರ್ಥ. ಸ್ಟೆನ್ಸಿಲ್ ಕೊರೆದು ಕೈಯೆಲ್ಲ ಮಸಿ ಮಾಡಿಕೊಳ್ಳುವ ನಮ್ಮ ಸಂಪಾದಕ ಮಂಡಳಿಗೆ ಇದನ್ನು ಓದಿ ಸಂತೋಷವಾಗಬಹುದು. ಆ ಕಾಲದಲ್ಲಿ ಅವನು ಸಾಹಿತಿಯಾಗುವನೋ ಸಂಗೀತಗಾರನಾಗುವನೋ ಅಂತ ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿಂದ ಮುಂದಿನ ಪುಟ ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. 1890ರ ದಶಕದಲ್ಲಿ ತಂದೆಯ ವ್ಯವಹಾರ ಕುಸಿಯಿತು. ಮನೆತನ ಕಾದಿಸ್ ಬಿಟ್ಟು ಮ್ಯಾಡ್ರಿಡ್‌ಗೆ ಬಂತು. ಇಪ್ಪತ್ತರ ಆಸುಪಾಸಿನ ಹುಡುಗನ ಹೆಗಲಿಗೆ ಸಂಸಾರದ ಭಾರ. ನಮ್ಮ ಮನೆಯ ಕಥೆಯನ್ನು ಇಲ್ಲಿ ಹಿಗ್ಗಿಸಿ ಬರೆಯುವುದಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಪಾಲುದಾರರೊಬ್ಬರನ್ನು ನಂಬಿ ಅಪ್ಪನ ಸ್ಟೇಷನರಿ ಅಂಗಡಿ ಹೋಯಿತು. ಈಗ ಅಪ್ಪ ಒಂದು ಹೋಟೆಲಿನಲ್ಲಿ ರಾತ್ರಿ ಕೂತು ಲೆಕ್ಕ ಬರೆಯುತ್ತಾರೆ. ನಾನು ಟ್ಯೂಷನ್ ಹೇಳುತ್ತೇನೆ. ಅಷ್ಟೇ. ಆದರೆ ಅಂಗಡಿಯ ಬೋರ್ಡು ಇಳಿಸುವ ದಿನ ಮನೆಯಲ್ಲಿ ಯಾವ ಥರದ ಮೌನ ಇರುತ್ತದೆ ಎಂಬುದು ನನಗೆ ಗೊತ್ತು, ಫಾಯಾನಿಗೂ ಗೊತ್ತಿತ್ತು.

ಅವನು ಮ್ಯಾಡ್ರಿಡ್ ಸಂಗೀತಶಾಲೆಯಲ್ಲಿ 1899ರಲ್ಲಿ ಪಿಯಾನೋಗೆ ಮೊದಲ ಬಹುಮಾನ ಪಡೆದ. ಬಹುಮಾನದಿಂದ ಹೊಟ್ಟೆ ತುಂಬೀತೇ? ಪಿಯಾನೋ ಪಾಠ ಹೇಳಿದ. ಆ ಕಾಲದಲ್ಲಿ ಸ್ಪೇನಿನಲ್ಲಿ ದುಡ್ಡು ಬರುತ್ತಿದ್ದುದು ಸಾರ್ಸುವೇಲಾ ಎಂಬ ಹಾಡುನಾಟಕಗಳಿಂದ. ನಮ್ಮ ಹಿಂದಿನ ಕಂಪೆನಿ ನಾಟಕಗಳಿದ್ದ ಹಾಗೆ ಅಂತಿಟ್ಟುಕೊಳ್ಳಿ. ಮನೆ ನಡೆಸುವ ಆಸೆಯಿಂದ ಅವನೂ ಹಲವನ್ನು ಬರೆದ. ರಂಗಕ್ಕೆ ಬಂದದ್ದು ಒಂದೇ, 1902ರಲ್ಲಿ. ಅದೂ ನಿಲ್ಲಲಿಲ್ಲ. ಮಾರುಕಟ್ಟೆಗೆ ಬೇಕಾದ ಮಾಲು ಮಾಡುವ ಅವನ ಮೊದಲ ಪ್ರಯತ್ನ ನಷ್ಟದಲ್ಲಿ ಮುಗಿಯಿತು.

ಆಗ ಸಿಕ್ಕಿದ ಗುರು ಫೆಲಿಪೆ ಪೆಡ್ರೆಲ್. ಸ್ಪೇನಿನ ಹಳೆಯ ಹಾಡು, ಇಗರ್ಜಿಯ ಸಂಗೀತ, ಹಳ್ಳಿಯ ಮಟ್ಟು ಇವನ್ನೆಲ್ಲ ಹುಡುಕಿ ಹುಡುಕಿ ಕೂಡಿಸಿದ ಮನುಷ್ಯ. ನಿನ್ನ ಮನೆಯ ಹಿತ್ತಲಲ್ಲೇ ನಿಧಿ ಇದೆ, ಅಗೆ ಎಂಬುದು ಆತನ ಪಾಠದ ತಿರುಳು. ಫಾಯಾ ಅಗೆದ. ‘ಲಾ ವೀದಾ ಬ್ರೇವೆ’ ಎಂಬ ಗೀತನಾಟಕ 1905ರಲ್ಲಿ ರಾಜ ಅಕಾಡೆಮಿಯ ಬಹುಮಾನ ಗೆದ್ದಿತು. ಗೆದ್ದ ಕೃತಿ ಮ್ಯಾಡ್ರಿಡ್‌ನಲ್ಲಿ ರಂಗಕ್ಕೇರುತ್ತದೆ ಅಂತ ಕಾದ. ಏರಲಿಲ್ಲ. ಅದು ಮೊದಲು ಪ್ರದರ್ಶನವಾದದ್ದು 1913ರಲ್ಲಿ, ಅದೂ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ. ಎಂಟು ವರ್ಷ! ಮ್ಯಾಡ್ರಿಡ್ ಅದನ್ನು ನೋಡಿದ್ದು 1914ರಲ್ಲಿ.

ಅಷ್ಟರೊಳಗೆ ಅವನು ಪ್ಯಾರಿಸ್ಸಿಗೆ ಹೋಗಿಯಾಗಿತ್ತು. 1907ರಲ್ಲಿ ಹೋದವನು ಏಳು ವರ್ಷ ಅಲ್ಲೇ ನಿಂತ. ಅಗ್ಗದ ಕೋಣೆ, ಮತ್ತೆ ಅದೇ ಪಾಠ. ಆದರೆ ಡೆಬ್ಯುಸಿ, ರವೆಲ್, ಡ್ಯೂಕಾ, ತನ್ನದೇ ದೇಶದ ಅಲ್ಬೇನಿಸ್, ಇವರೆಲ್ಲರ ಸ್ನೇಹ ಸಿಕ್ಕಿತು. ಡೆಬ್ಯುಸಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಕೊನೆಗಾಲದಲ್ಲಿ ಡೆಬ್ಯುಸಿ ಆರು ಸೊನಾಟಾಗಳನ್ನು ಬರೆಯಲು ಹೊರಟಿದ್ದ. ನಾಲ್ಕನೆಯದು ಓಬೋ, ಹಾರ್ನ್ ಮತ್ತು ಹಾರ್ಪ್ಸಿಕಾರ್ಡ್ ಎಂಬ ಮೂರು ವಾದ್ಯಗಳಿಗೆ. ಮೂರನ್ನು ಮುಗಿಸಿ 1918ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ನಾಲ್ಕನೆಯದು ಕಾಗದಕ್ಕೆ ಇಳಿಯಲೇ ಇಲ್ಲ.

ಯುದ್ಧ ಶುರುವಾದಾಗ, ಅಂದರೆ 1914ರಲ್ಲಿ, ಫಾಯಾ ಮ್ಯಾಡ್ರಿಡ್‌ಗೆ ವಾಪಸು ಬಂದ. ಮುಂದಿನ ಐದು ವರ್ಷ ಅವನ ಅದೃಷ್ಟದ ಕಾಲ. 1915ರಲ್ಲಿ ‘ಎಲ್ ಅಮೋರ್ ಬ್ರೂಹೊ’. ಅದರೊಳಗಿನ ಬೆಂಕಿಯ ಕುಣಿತದ ತುಣುಕನ್ನು ನೀವೂ ಎಲ್ಲಾದರೂ ಕೇಳಿರಬಹುದು, ಪಿಯಾನೋ ವಾದಕರಿಗೆ ಚಪ್ಪಾಳೆ ತರುವ ಖಾತ್ರಿ ಸರಕು ಅದು. 1916ರಲ್ಲಿ ಸ್ಪೇನಿನ ತೋಟಗಳ ರಾತ್ರಿಗಳ ಮೇಲೆ ಪಿಯಾನೋ ಮತ್ತು ವಾದ್ಯವೃಂದದ ಕೃತಿ. 1919ರ ಜುಲೈ 22ರಂದು ಲಂಡನ್ನಿನಲ್ಲಿ ‘ಮೂರು ಮೂಲೆಯ ಟೋಪಿ’ ನೃತ್ಯನಾಟಕ. ನಡೆಸಿದವನು ದ್ಯಾಗಿಲೆವ್, ಪರದೆ ಮತ್ತು ಉಡುಪು ಪಿಕಾಸೋನದು. ಇದಕ್ಕಿಂತ ಹೆಚ್ಚಿನ ಹೆಸರು ಬೇಕೇ? ಆದರೆ ಆ ಸಂಜೆ ಫಾಯಾ ಥಿಯೇಟರಿನಲ್ಲಿರಲಿಲ್ಲ. ತಾಯಿಗೆ ಸೀರಿಯಸ್ ಎಂದು ತಂತಿ ಬಂದಿತ್ತು. ಲಂಡನ್ ಚಪ್ಪಾಳೆ ತಟ್ಟುತ್ತಿದ್ದಾಗ ಅವನು ರೈಲಿನಲ್ಲಿದ್ದ. ತಲುಪುವುದರೊಳಗೆ ತಾಯಿ ಹೋಗಿದ್ದಳು. ತಂದೆ ಅದೇ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ದ.

ಇಲ್ಲಿಗೆ ಅರ್ಧ ಕಥೆ ಮುಗಿಯಿತು. ನನಗೆ ಬೇಕಾದ ಅರ್ಧ ಇನ್ನು ಶುರು.

ನಲವತ್ತಮೂರು ವಯಸ್ಸು. ಮದುವೆಯಿಲ್ಲ. ಜಗತ್ತು ಕೇಳುತ್ತಿದ್ದುದು ಬೆಂಕಿಯ ಕುಣಿತದಂಥದ್ದು ಇನ್ನೊಂದು, ಮತ್ತೊಂದು. ಬೇಡಿಕೆ ಇದ್ದಾಗ ಉತ್ಪಾದನೆ ಹೆಚ್ಚಿಸು ಎಂದು ನಮ್ಮ ಪಠ್ಯಪುಸ್ತಕ ಹೇಳುತ್ತದೆ. ಫಾಯಾ ಮಾಡಿದ್ದೇನು? 1920ರಲ್ಲಿ ತಂಗಿ ಮರಿಯಾ ದೆಲ್ ಕಾರ್ಮೆನ್‌ಳನ್ನು ಕರೆದುಕೊಂಡು ಗ್ರನಾಡಾ ಊರಿಗೆ ಹೋಗಿ, ಅಲ್ಹಾಂಬ್ರಾ ಅರಮನೆಯ ಗುಡ್ಡದ ಮೇಲೆ ನೆಲೆಸಿದ. ಗೋಡೆ ಕಟ್ಟಿದ ಪುಟ್ಟ ತೋಟ, ಸುಣ್ಣ ಬಳಿದ ಪುಟ್ಟ ಮನೆ. ಬೆಳಿಗ್ಗೆ ಪೂಜೆಗೆ ಇಗರ್ಜಿ. ಸದ್ದು ಕಂಡರೆ ಆಗದು, ರೋಗ ಅಂಟುವ ಭಯ ವಿಪರೀತ, ಮಡಿ ಮಾಡುವ ನಮ್ಮ ಅಜ್ಜಿಯಂದಿರನ್ನು ಮೀರಿಸಿದ ಶುಚಿ. ಬರೆಯುವುದು ಆಮೆಯ ವೇಗದಲ್ಲಿ, ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಊರಿನ ತರುಣ ಕವಿಯೊಬ್ಬ ಮನೆಗೆ ಬಂದುಹೋಗಿ ಮಾಡುತ್ತಿದ್ದ. ಫೆದೆರಿಕೊ ಗಾರ್ಸಿಯಾ ಲೋರ್ಕಾ. ಇಬ್ಬರೂ ಸೇರಿ 1922ರ ಜೂನ್‌ನಲ್ಲಿ ಅಲ್ಹಾಂಬ್ರಾದ ಅಂಗಳದಲ್ಲಿ ಕಾಂತೆ ಹೋಂದೊ ಎಂಬ ಜನಪದ ಹಾಡುಗಾರಿಕೆಯ ಸ್ಪರ್ಧೆ ನಡೆಸಿದರು.

1923ರ ಜನವರಿ 6, ಸ್ಪೇನಿನ ಮಕ್ಕಳಿಗೆ ಉಡುಗೊರೆ ಸಿಗುವ ಹಬ್ಬ. ಲೋರ್ಕಾನ ಮನೆಯಲ್ಲಿ ಮಕ್ಕಳಿಗೆ ಗೊಂಬೆಯಾಟ. ಹಿಮ್ಮೇಳ ಫಾಯಾನದು. ಹಾರ್ಪ್ಸಿಕಾರ್ಡ್ ಬೇಕಿತ್ತು, ಊರಿನಲ್ಲಿ ಎಲ್ಲಿಂದ ಬರಬೇಕು? ಪಿಯಾನೋದ ತಂತಿಗಳಿಗೆ ಕಾಗದ ಸಿಕ್ಕಿಸಿ ಆ ಕಿಲಕಿಲ ನಾದ ಹೊರಡಿಸಿದ. ಯುರೋಪಿನ ದೊಡ್ಡ ಸಂಗೀತಗಾರ ಮಕ್ಕಳಾಟಕ್ಕಾಗಿ ಪಿಯಾನೋದೊಳಗೆ ಕಾಗದ ತುರುಕುತ್ತಿರುವ ಈ ಚಿತ್ರ ನನಗೆ ಪಿಕಾಸೋನ ಪರದೆಗಿಂತ ಇಷ್ಟ.

ಹಾರ್ಪ್ಸಿಕಾರ್ಡ್ ಅಂದರೇನು ಅಂತ ಹೇಳಬೇಕಲ್ಲ. ನೋಡುವುದಕ್ಕೆ ಪಿಯಾನೋದ ದಾಯಾದಿ, ಎದುರಿಗೆ ಹಾರ್ಮೋನಿಯಂನಂತೆ ಮನೆಗಳು. ಆದರೆ ಪಿಯಾನೋದಲ್ಲಿ ಮನೆ ಒತ್ತಿದರೆ ಪುಟ್ಟ ಸುತ್ತಿಗೆ ತಂತಿಗೆ ಹೊಡೆಯುತ್ತದೆ, ಸಂತೂರಿನ ಕಡ್ಡಿಯ ಹಾಗೆ. ಹಾರ್ಪ್ಸಿಕಾರ್ಡಿನಲ್ಲಿ ಹಕ್ಕಿಯ ಗರಿಯ ಅಥವಾ ತೊಗಲಿನ ಚೂರೊಂದು ಮೇಲೆದ್ದು ತಂತಿಯನ್ನು ಮೀಟುತ್ತದೆ, ವೀಣೆಯ ಬೆರಳಿನ ಹಾಗೆ. ವ್ಯತ್ಯಾಸ ಇಷ್ಟೇ, ವೀಣೆಯಲ್ಲಿ ಮೆಲ್ಲಗೆ ಮೀಟಬಹುದು, ಜೋರಾಗಿ ಮೀಟಬಹುದು. ಇಲ್ಲಿ ಬೆರಳು ಎಷ್ಟು ಒತ್ತಿದರೂ ಸದ್ದು ಹೆಚ್ಚು ಕಡಿಮೆ ಒಂದೇ. ಗಮಕವಿಲ್ಲ, ನಾದ ಬೇಗ ಆರಿಹೋಗುತ್ತದೆ. ಹದಿನೆಂಟನೇ ಶತಮಾನದ ಕೊನೆಗೆ ಪಿಯಾನೋ ಬಂದು ಇದನ್ನು ಮೂಲೆಗೆ ತಳ್ಳಿತು. ಇಪ್ಪತ್ತನೇ ಶತಮಾನದಲ್ಲಿ ಅದನ್ನು ಮೂಲೆಯಿಂದ ಎಳೆದು ತಂದವರಲ್ಲಿ ಮುಖ್ಯಳಾದವಳು ವಾಂಡಾ ಲಾಂಡೋವ್ಸ್ಕಾ ಎಂಬ ಪೋಲೆಂಡಿನ ಹೆಂಗಸು. ಪ್ಯಾರಿಸ್ಸಿನ ಪ್ಲೆಯೆಲ್ ಕಂಪೆನಿ 1912ರಲ್ಲಿ ಆಕೆಗಾಗಿ ಒಂದು ದೊಡ್ಡ ಹಾರ್ಪ್ಸಿಕಾರ್ಡನ್ನೇ ಕಟ್ಟಿತು.

ಫಾಯಾ ಮತ್ತು ಲಾಂಡೋವ್ಸ್ಕಾ ಕೂಡಿ ಕೆಲಸ ಮಾಡುವಂತಾದದ್ದು ಒಂದು ಹೊಲಿಗೆ ಯಂತ್ರದಿಂದ. ತಮಾಷೆಯಲ್ಲ! ನಮ್ಮ ಮನೆಗಳಲ್ಲಿ ಅಮ್ಮಂದಿರು ತುಳಿದ ಸಿಂಗರ್ ಮಿಷನ್ ಇದೆಯಲ್ಲ, ಅದರ ಸ್ಥಾಪಕ ಸಿಂಗರನ ಮಗಳು ಪ್ಯಾರಿಸ್ಸಿನಲ್ಲಿ ಪೊಲಿನ್ಯಾಕ್ ರಾಜಕುಮಾರಿಯಾಗಿ ಬಾಳುತ್ತಿದ್ದಳು. ಅಪ್ಪನ ಆಸ್ತಿಯಿಂದ ಹೊಸ ಸಂಗೀತ ಬರೆಸುವುದು ಆಕೆಯ ಹವ್ಯಾಸ. ಆಕೆ ಕೇಳಿದ್ದಕ್ಕೆ ಫಾಯಾ ‘ಪೆದ್ರೊ ಮೇಸ್ತ್ರಿಯ ಗೊಂಬೆಯಾಟ’ ಬರೆದ. ಡಾನ್ ಕ್ವಿಕ್ಸೋಟ್ ಗೊಂಬೆಯಾಟ ನೋಡುತ್ತಾ ನೋಡುತ್ತಾ ಅದನ್ನೇ ನಿಜ ಅಂದುಕೊಂಡು ಕತ್ತಿ ಹಿರಿದು ಗೊಂಬೆಗಳನ್ನು ಕತ್ತರಿಸಿ ಹಾಕುವ ಪ್ರಸಂಗ. ನಮ್ಮ ಉಪ್ಪಿನಕುದ್ರಿನ ಗೊಂಬೆಯಾಟ ಕಂಡವರಿಗೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. 1923ರ ಜೂನ್ 25ರಂದು ಆಕೆಯ ಪ್ಯಾರಿಸ್ ಮನೆಯಲ್ಲಿ ಅದು ನಡೆದಾಗ ಸಣ್ಣ ಮೇಳದ ನಡುವೆ ಹಾರ್ಪ್ಸಿಕಾರ್ಡ್ ನುಡಿಸಿದವಳು ಲಾಂಡೋವ್ಸ್ಕಾ. ಸತ್ತ ವಾದ್ಯವನ್ನು ಬದುಕಿಸಲು ಬಾಕ್, ಸ್ಕಾರ್ಲಾಟಿ ಸಾಲದು, ಬದುಕಿರುವವರು ಬರೆಯಬೇಕು ಎಂಬುದು ಆಕೆಗೆ ಗೊತ್ತಿತ್ತು. ನನಗೊಂದು ಕೃತಿ ಬರೆದುಕೊಡಿ ಎಂದು ಫಾಯಾನನ್ನು ಕೇಳಿದಳು. ಅಲ್ಲಿದ್ದ ತರುಣ ಪೂಲಾಂಕನನ್ನೂ ಕೇಳಿದಳು.

ಫಾಯಾ ಒಪ್ಪಿಕೊಂಡ. ಅಲ್ಲಿಂದ ಆ ಮೂರು ವರ್ಷ ಶುರು.

ಅವನು ಆರಿಸಿಕೊಂಡ ಮೇಳ ನೋಡಿ. ಹಾರ್ಪ್ಸಿಕಾರ್ಡ್, ಕೊಳಲು, ಓಬೋ, ಕ್ಲಾರಿನೆಟ್, ಪಿಟೀಲು, ಚೆಲ್ಲೋ. ಆರು ಜನ. ಓಬೋ ಎಂದರೆ ನಮ್ಮ ಶಹನಾಯಿಯ ಜಾತಿಯ ಪೀಪಿ ವಾದ್ಯ, ಚೆಲ್ಲೋ ಎಂದರೆ ಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು. ದೊಡ್ಡ ಸಭಾಂಗಣಕ್ಕಲ್ಲ, ಕೋಣೆಯಲ್ಲಿ ಕೂತು ಕೇಳುವುದಕ್ಕೆ. ಮುಂಬಯಿಯವರು ಬೈಠಕ್ ಎನ್ನುತ್ತೇವಲ್ಲ, ಹಾಗೆ. ಈಗ ಕಷ್ಟ ಏನೆಂದರೆ, ಊದುವವರು ಮೂವರು, ಕಮಾನು ಎಳೆಯುವವರು ಇಬ್ಬರು, ಇವರ ಸದ್ದು ಹಿಗ್ಗುತ್ತದೆ, ಕುಗ್ಗುತ್ತದೆ, ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಹಾರ್ಪ್ಸಿಕಾರ್ಡಿನದು ಹುಟ್ಟಿದ ಕೂಡಲೇ ಸಾಯುತ್ತದೆ. ಒಬ್ಬ ಕ್ಲಾರಿನೆಟ್ಟಿನವನು ಮನಸ್ಸು ಮಾಡಿದರೆ ಸಾಕು, ಅದು ಮುಳುಗಿಹೋಗುತ್ತದೆ. ಮದುವೆ ಮನೆಯ ವಾಲಗದ ಪಕ್ಕ ವೀಣೆ ಇಟ್ಟ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ಉಳಿದ ಐವರ ಬಾಯಿ ಮುಚ್ಚಿಸಿ, ಹಿಂದೆ ಮೆತ್ತಗೆ ಹಾಸಿಗೆ ಹಾಸಿ, ಮೇಲೆ ಹಾರ್ಪ್ಸಿಕಾರ್ಡನ್ನು ಕೂರಿಸುತ್ತಿದ್ದರು. ಫಾಯಾ ಹಾಗೆ ಮಾಡಲಿಲ್ಲ. ಆರೂ ಜನ ಒಡೆಯರೇ, ಯಾರೂ ಆಳಲ್ಲ. ಐವರೂ ಒಬ್ಬೊಬ್ಬರೇ ನಿಂತು ನುಡಿಸುವವರೆಂದೇ ಬರೆದ. ಹಾರ್ಪ್ಸಿಕಾರ್ಡಿಗೆ ಎರಡು ಕೈ ತುಂಬ ಸ್ವರ ಕೊಟ್ಟ. ಉಳಿದವರಿಗೆ ಮಾತು ಕಡಿಮೆ ಮಾಡಿದ, ಚುಟುಕು ಚುಟುಕಾಗಿ, ತಂತಿ ಮೀಟಿದಷ್ಟೇ ಚೂಪಾಗಿ. ಮೀಟುವ ವಾದ್ಯವನ್ನು ಊದುವ ವಾದ್ಯದ ಹತ್ತಿರ ತರುವ ಬದಲು ಊದುವವರನ್ನೇ ಮೀಟುವುದರ ಹತ್ತಿರ ತಂದ. ಬಣ್ಣಗಳು ಕಲೆಯುವುದಿಲ್ಲ, ಪಕ್ಕಪಕ್ಕ ನಿಲ್ಲುತ್ತವೆ. ನನಗೆ ಮೊದಲ ಸಲ ಬೀಗದಕೈ ಗೊಂಚಲು ಅನಿಸಿದ್ದು ಇದಕ್ಕೇ. ಕೊಬ್ಬೆಲ್ಲ ತೆಗೆದ ಸಂಗೀತ, ಅವನ ಮುಖದ ಹಾಗೆಯೇ.

ಅಕ್ಕಪಕ್ಕದ ಸ್ವರಗಳು ಡಿಕ್ಕಿ ಹೊಡೆಯುವುದಕ್ಕೆ ಅವನದೇ ಒಂದು ನಂಬಿಕೆ ಇತ್ತು. ಲೂಯಿ ಲ್ಯೂಕಾ ಎಂಬ ಫ್ರೆಂಚನು ನಾದಶಾಸ್ತ್ರದ ಮೇಲೆ ಬರೆದ ಹಳೆಯ ಪುಸ್ತಕವೊಂದು ಅವನಿಗೆ ಸಿಕ್ಕಿತ್ತು. ಒಂದು ಸ್ವರ ಮೊಳಗಿದಾಗ ಅದರೊಳಗೆ ಬೇರೆ ಸ್ವರಗಳೂ ಸಣ್ಣಗೆ ಮೊಳಗುತ್ತವೆ. ಶ್ರುತಿ ಕೂಡಿದ ತಂಬೂರಿಯ ಷಡ್ಜದಲ್ಲಿ ಗಾಂಧಾರ ಕೇಳಿಸುತ್ತದೆ ಎಂದು ನಮ್ಮವರು ಹೇಳುವುದಿಲ್ಲವೇ, ಅದೇ. ಈ ಒಳಗಿನ ಸ್ವರಗಳನ್ನು ಹೊರಗೆ ತಂದು ಅವುಗಳಿಂದ ಸ್ವರಗುಚ್ಛ ಕಟ್ಟುವುದು ಅವನ ಕ್ರಮ. ಕಿವಿಗೆ ಒರಟಾಗಿ ಬಡಿದರೂ ಅದಕ್ಕೆ ಪ್ರಕೃತಿಯ ಲೆಕ್ಕ ಇದೆ ಎಂಬುದು ಅವನ ಧೈರ್ಯ.

ಮೂರು ಭಾಗ. ಮೊದಲನೆಯದರಲ್ಲಿ ಹ್ವಾನ್ ವಾಸ್ಕೆಸ್ ಎಂಬ 16ನೇ ಶತಮಾನದ ಸಂಗೀತಗಾರನ ಒಂದು ಹಾಡಿನ ಮಟ್ಟು ಇದೆ. ಪೋಪ್ಲರ್ ಮರಗಳ ತೋಪಿನಿಂದ ಬಂದವರ ಹಾಡು. ಆದರೆ ಫಾಯಾ ಅದನ್ನು ನೆಟ್ಟಗೆ ಹಾಡಿಸುವುದಿಲ್ಲ, ತುಂಡು ತುಂಡು ಮಾಡಿ ಆರು ಜನರಿಗೆ ಹಂಚುತ್ತಾನೆ. ಮೂರನೆಯದರಲ್ಲಿ ಡೊಮೆನಿಕೊ ಸ್ಕಾರ್ಲಾಟಿಯ ನೆರಳು. ಅವನು ಇಟಲಿಯವನಾದರೂ ಕೊನೆಯ ಇಪ್ಪತ್ತೆಂಟು ವರ್ಷ ಸ್ಪೇನಿನಲ್ಲಿದ್ದು 1757ರಲ್ಲಿ ಅಲ್ಲೇ ಸತ್ತವನು, ಹಾರ್ಪ್ಸಿಕಾರ್ಡಿಗೆ 555 ಸೊನಾಟಾ ಬರೆದವನು. ಕುಣಿಯುವ, ಕಚಗುಳಿ ಇಡುವ ಭಾಗ. ಈ ಎರಡರ ಬಗ್ಗೆ ನನಗೆ ಹೆಚ್ಚು ಹೇಳಲು ಬಾರದು.

ನಡುವಿನದು ಬೇರೆಯೇ. ನಿಧಾನ, ಆದರೆ ಶೋಕವಲ್ಲ. ನಿಧಾನವಾಗಿಯೇ ಸಂಭ್ರಮ ಪಡು ಎಂಬಂತೆ ಅವನು ಸೂಚನೆ ಬರೆದಿದ್ದಾನೆ. ಹಾರ್ಪ್ಸಿಕಾರ್ಡ್ ಕೆಳಗಿನಿಂದ ಮೇಲಕ್ಕೆ ಎರಡು ಕೈ ತುಂಬ ತಂತಿಗಳನ್ನು ಉದುರಿಸುತ್ತಾ ಬರುತ್ತದೆ, ಸಣ್ಣ ಕೋಣೆಯಲ್ಲಿ ದೊಡ್ಡ ಇಗರ್ಜಿಯ ಗಂಟೆ ತುಂಬಿದ ಹಾಗೆ. ಒಂದು ವಾದ್ಯ ಹೇಳಿದ್ದನ್ನು ಇನ್ನೊಂದು ಹಿಂದೆಯೇ ಹೇಳುತ್ತಾ ನಡೆಯುತ್ತದೆ, ಮೆರವಣಿಗೆಯಲ್ಲಿ ಮುಂದಿನವರ ಹಾಡನ್ನು ಹಿಂದಿನವರು ಹಿಡಿದ ಹಾಗೆ. ಗ್ರನಾಡಾದಲ್ಲಿ ಕಾರ್ಪಸ್ ಕ್ರಿಸ್ತಿ ಹಬ್ಬದ ಮೆರವಣಿಗೆ ದೊಡ್ಡದು. ಹಸ್ತಪ್ರತಿಯಲ್ಲಿ ಈ ಭಾಗದ ಕೊನೆಗೆ ಫಾಯಾ ತಾರೀಕು ಹಾಕಿದ್ದು ಕೂಡ ಹಾಗೆಯೇ, 1926ರ ಕಾರ್ಪಸ್ ಕ್ರಿಸ್ತಿ ಹಬ್ಬದ ದಿನ ಎಂದು ಲ್ಯಾಟಿನ್ನಿನಲ್ಲಿ. ನಾನು ಕ್ರೈಸ್ತನಲ್ಲ. ಆದರೂ ಅಲ್ಲಿ ನನಗೆ ಊರಿನ ತೇರು ತಿರುಗುವ ಹೊತ್ತು ನೆನಪಾಗುತ್ತದೆ. ನಾಲ್ಕನೇ ಸಲ ಕೇಳಿದಾಗ ಹೀಗಾಯಿತು. ಮೊದಲ ಮೂರು ಸಲ ಏನೂ ಆಗಲಿಲ್ಲ ಎಂಬುದನ್ನೂ ಬರೆಯಬೇಕು.

1926ರ ನವೆಂಬರ್ 5ರಂದು ಬಾರ್ಸಿಲೋನಾದಲ್ಲಿ ಮೊದಲ ಪ್ರದರ್ಶನ. ನುಡಿಸಿದ್ದು ಲಾಂಡೋವ್ಸ್ಕಾ, ಕೃತಿ ಅರ್ಪಣೆಯಾಗಿದ್ದೂ ಆಕೆಗೇ. ಮೇಳ ನಡೆಸಿದ್ದು ಫಾಯಾ. ತಾಲೀಮು ಸಾಲಲಿಲ್ಲ. ಬೆಂಕಿಯ ಕುಣಿತದವನಿಂದ ಬೇರೇನನ್ನೋ ನಿರೀಕ್ಷಿಸಿ ಬಂದವರಿಗೆ ಇದೇನು ಎಂದು ಅರ್ಥವಾಗಲಿಲ್ಲ. ಲಾಂಡೋವ್ಸ್ಕಾ ಅದನ್ನು ಅಮೆರಿಕದಲ್ಲಿ ನುಡಿಸಿ, ಆಮೇಲೆ ಕೈಬಿಟ್ಟಳು. ಆಕೆ ಅದನ್ನು ರೆಕಾರ್ಡು ಮಾಡಲೇ ಇಲ್ಲ.

ಬ್ಯಾಲೆನ್ಸ್ ಶೀಟ್ ಹಾಕಿ ನೋಡಿ. ಮೂರು ವರ್ಷದ ದುಡಿಮೆ. ಆ ವಾದ್ಯ ಇರುವ ಊರುಗಳೇ ಬೆರಳೆಣಿಕೆ. ನುಡಿಸಬಲ್ಲ ಖ್ಯಾತರು ಒಬ್ಬರು, ಅವರೂ ಕೈಬಿಟ್ಟರು. ಕೃತಿಯ ಹೆಸರಿನಲ್ಲೇ ಹಾರ್ಪ್ಸಿಕಾರ್ಡ್ ಅಥವಾ ಪಿಯಾನೋ ಎಂದು ಬರೆದದ್ದೊಂದೇ ಅವನು ಮಾರುಕಟ್ಟೆಗೆ ಕೊಟ್ಟ ರಿಯಾಯಿತಿ.

ಆಗ ಆ ಐವತ್ತರ ಮನುಷ್ಯ ಏನು ಮಾಡಿದ ಗೊತ್ತೇ? ದೂರು ಹೇಳುತ್ತಾ ಕೂರಲಿಲ್ಲ. ತಾನೇ ಹಾರ್ಪ್ಸಿಕಾರ್ಡಿನ ಮುಂದೆ ಕೂತ. ಪಿಯಾನೋ ಬೆರಳುಗಳಿಗೆ ಹೊಸ ಅಭ್ಯಾಸ ಕಲಿಸಿದ. 1927ರ ಮೇ 14ರಂದು ಪ್ಯಾರಿಸ್ಸಿನಲ್ಲಿ ಒಂದೇ ಸಂಜೆ ಆ ಕೃತಿಯನ್ನು ಎರಡು ಸಲ ನುಡಿಸಿದ, ಒಮ್ಮೆ ಹಾರ್ಪ್ಸಿಕಾರ್ಡಿನಲ್ಲಿ, ಒಮ್ಮೆ ಪಿಯಾನೋದಲ್ಲಿ. ಎರಡನ್ನೂ ಕೇಳಿ ನೀವೇ ತೀರ್ಮಾನಿಸಿ ಎಂಬಂತೆ. ಮುಂದೆ ಲಂಡನ್ನಿನಲ್ಲೂ ನುಡಿಸಿದ. 1930ರಲ್ಲಿ ಪ್ಯಾರಿಸ್ಸಿನಲ್ಲೇ ಕೊಲಂಬಿಯಾ ಕಂಪೆನಿಗೆ ರೆಕಾರ್ಡು ಮಾಡಿದ. ಕೊಳಲಿಗೆ ಮಾರ್ಸೆಲ್ ಮೊಯೀಸ್‌ನಂಥವನು ಜೊತೆಗಿದ್ದ. ಅಂಕಲ್ ನನಗೆ ಕೇಳಿಸಿದ್ದು ಆ ರೆಕಾರ್ಡಿನ ಮರುಮುದ್ರಣ. ಅಂದರೆ ನಾನು ಬೀಗದಕೈ ಗೊಂಚಲು ಎಂದು ಬೈದದ್ದು ಅವನದೇ ಬೆರಳುಗಳನ್ನು. ಇದು ತಿಳಿದ ದಿನ ನನಗೆ ನಾಚಿಕೆಯಾಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಹಿಗ್ಗಿಸಲು ಮನಸ್ಸಾಗದು. ಹಾರ್ಪ್ಸಿಕಾರ್ಡ್ ಕೃತಿಯ ನಂತರ ಅವನು ‘ಅಟ್ಲಾಂಟಿಡಾ’ ಎಂಬ ಮಹಾಕೃತಿ ಹಿಡಿದ. ಮುಳುಗಿದ ಖಂಡದ ಕಥೆ, ಕೊನೆಗೆ ಕೊಲಂಬಸನ ಯಾತ್ರೆ. ಸಾಯುವವರೆಗೆ ಇಪ್ಪತ್ತು ವರ್ಷ ಬರೆದರೂ ಮುಗಿಯಲಿಲ್ಲ. ಶಿಷ್ಯ ಎರ್ನೆಸ್ತೊ ಆಲ್‌ಫ್ತೆರ್ ಪೂರ್ತಿಗೊಳಿಸಿ ಅದು ಕೇಳಿಸಿದ್ದು 1961ರಲ್ಲಿ. 1936ರಲ್ಲಿ ಸ್ಪೇನಿನಲ್ಲಿ ಒಳಯುದ್ಧ ಶುರುವಾಯಿತು. ಆಗಸ್ಟಿನಲ್ಲಿ ಲೋರ್ಕಾನನ್ನು ಹಿಡಿದುಕೊಂಡು ಹೋದರು. ಸದ್ದಿಗೆ ಹೆದರುವ, ನೆಗಡಿಗೆ ಹೆದರುವ ಫಾಯಾ ಬಂದೂಕು ಹಿಡಿದವರು ತುಂಬಿದ್ದ ಸರ್ಕಾರಿ ಕಚೇರಿಗೆ ಹೋಗಿ ಗೆಳೆಯನಿಗಾಗಿ ಬೇಡಿದ. ಹೊತ್ತು ಮೀರಿತ್ತು. ಲೋರ್ಕಾನನ್ನು ಗುಂಡಿಕ್ಕಿ ಕೊಂದಿದ್ದರು.

1939ರಲ್ಲಿ ತಂಗಿಯೊಡನೆ ಹಡಗು ಹತ್ತಿ ಅರ್ಜೆಂಟೀನಾಕ್ಕೆ ಹೋದ. ಬ್ಯೂನಸ್ ಐರಿಸ್‌ನಲ್ಲಿ ತನ್ನ ಸಂಗೀತದ ಕಛೇರಿಗಳನ್ನು ನಡೆಸಿದ. ಆ ರಂಗಮಂದಿರದ ಹೆಸರು ಕೊಲೋನ್! ಹುಡುಗನಾಗಿದ್ದಾಗ ಕಟ್ಟಿಕೊಂಡ ಊರಿನ ಹೆಸರು. ಅವನಿಗೆ ಅದು ನೆನಪಾಗಿರಲೇಬೇಕು ಎಂದು ನನ್ನ ಊಹೆ. ಸ್ಪೇನಿನ ಹೊಸ ಸರ್ಕಾರ ವಾಪಸು ಕರೆದರೂ ಹೋಗಲಿಲ್ಲ. ಆಲ್ತಾ ಗ್ರಾಸಿಯಾ ಎಂಬ ಬೆಟ್ಟದೂರಿನಲ್ಲಿ 1946ರ ನವೆಂಬರ್ 14ರಂದು ತೀರಿಕೊಂಡ. ಎಪ್ಪತ್ತು ತುಂಬಲು ಒಂಬತ್ತು ದಿನ ಇತ್ತು. ಶವವನ್ನು ಸಮುದ್ರದ ಮೇಲೆ ಕಾದಿಸ್‌ಗೆ ತಂದು 1947ರ ಜನವರಿಯಲ್ಲಿ ಅಲ್ಲಿನ ಕೆಥೆಡ್ರಲ್ಲಿನ ನೆಲಮಾಳಿಗೆಯಲ್ಲಿ ಇಟ್ಟರು. ಬದುಕಿದ್ದಾಗ ಕರೆದರೂ ಬಾರದವನ ಮುಖವನ್ನು ಅದೇ ಸರ್ಕಾರ ಮುಂದೆ ನೂರರ ನೋಟಿಗೆ ಹಾಕಿತು. ನೋಟಿನ ಹಿಂಬದಿಯಲ್ಲಿ ಗ್ರನಾಡಾದ ತೋಟ ಇದೆ.

ಹೋದ ತಿಂಗಳು ಅಪ್ಪನನ್ನು ಅಂಕಲ್ ಮನೆಗೆ ಕರೆದುಕೊಂಡು ಹೋಗಿದ್ದೆ. ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದರು, ಬೇಡವೆನ್ನುತ್ತಲೇ ಬಂದರು. ನಾನು ಈ ಕಥೆಯನ್ನೆಲ್ಲ ಹೇಳಿದೆ. ಅಪ್ಪ ಒಂದೇ ಪ್ರಶ್ನೆ ಕೇಳಿದರು: ಆ ಮೂರು ವರ್ಷ ಮನೆಖರ್ಚು ಹೇಗೆ ನಡೆಯಿತು? ಹಿಂದಿನ ಕೃತಿಗಳ ರಾಯಲ್ಟಿ ಬರುತ್ತಿತ್ತು, ಮನೆಯನ್ನು ತಂಗಿ ನೋಡಿಕೊಳ್ಳುತ್ತಿದ್ದಳು, ಇಬ್ಬರೂ ಹಿಡಿತದಲ್ಲಿ ಬದುಕುತ್ತಿದ್ದರು ಅಂದೆ. ಅಪ್ಪ ತಲೆಯಾಡಿಸಿದರು, ಖರ್ಚು ಜಮೆ ತಾಳೆಯಾದಾಗ ಆಡಿಸುವಂತೆ. ಅಂಕಲ್ ರೆಕಾರ್ಡು ಹಾಕಿದರು. ಮೊದಲ ಭಾಗಕ್ಕೆ ಅಪ್ಪ ಹುಬ್ಬು ಗಂಟಿಕ್ಕಿದರು. ಎರಡನೆಯದು ಶುರುವಾದ ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಕುರ್ಚಿಗೆ ಒರಗಿ ನಿದ್ದೆ ಹೋಗಿದ್ದಾರೆ. ನಾನು ಎಬ್ಬಿಸಲು ಹೋದೆ. ಅಂಕಲ್ ಕೈಸನ್ನೆ ಮಾಡಿ ಬೇಡವೆಂದರು. ಮೂರನೆಯದೂ ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ ಸರಸರ ಎನ್ನುವವರೆಗೆ ನಾವಿಬ್ಬರೂ ಸುಮ್ಮನೆ ಕೂತಿದ್ದೆವು.